ನೆಟ್‌ವರ್ಕ್ ಡ್ರೈವರ್‌ಗಳಲ್ಲಿ ಬಳಕೆದಾರ ಇನ್‌ಪುಟ್‌ನ ಪರಿಶೀಲನೆ

ನೆಟ್‌ವರ್ಕ್ ಡ್ರೈವರ್‌ಗಳಲ್ಲಿ ಬಳಕೆದಾರ ಇನ್‌ಪುಟ್‌ನ ಪರಿಶೀಲನೆ ಎಂಬುದು ಗಣಕಯಂತ್ರದ ಭದ್ರತೆಗೆ ಸಂಬಂಧಿಸಿದ ಒಂದು ಪ್ರೋಗ್ರಾಮಿಂಗ್ ಕ್ರಮ. ಸಾಮಾನ್ಯ ಪ್ರೋಗ್ರಾಮೊಂದು ಕಾರ್ಯಾಚರಣ ವ್ಯವಸ್ಥೆಯ ಒಳತಿರುಳಾದ ಕರ್ನಲ್‌ಗೆ ಉದ್ದ, ಎಣಿಕೆ, ವಿಳಾಸ, ಹೆಸರು ಮುಂತಾದ ಮಾಹಿತಿಯನ್ನು ಒಪ್ಪಿಸುತ್ತದೆ. ಅದನ್ನು ಬಳಸುವುದಕ್ಕೆ ಮೊದಲು ಮಿತಿಯೊಳಗಿದೆಯೇ ಎಂದು ಕರ್ನಲ್ ತಾನೇ ಪರೀಕ್ಷಿಸಬೇಕು. ಮಿತಿ ಮೀರಿದ್ದರೆ ಕೋರಿಕೆಯನ್ನು ನಿರಾಕರಿಸಬೇಕು. ಇಲ್ಲಿ ‘ಬಳಕೆದಾರ’ ಎಂದರೆ ಕೀಲಿಮಣೆಯ ಮುಂದೆ ಕುಳಿತ ವ್ಯಕ್ತಿಯೇ ಆಗಬೇಕಿಲ್ಲ. ಆತನ ಹೆಸರಿನಲ್ಲಿ ಓಡುವ ಯಾವುದೇ ಪ್ರೋಗ್ರಾಮ್ ಬಳಕೆದಾರನೇ. ಆತನಿಗೆ ಅರಿವಿಲ್ಲದೆ ಮೊಬೈಲಿನೊಳಗೆ ಸೇರಿಕೊಂಡ ಆ್ಯಪ್ ಕೂಡ ಈ ಅರ್ಥದಲ್ಲಿ ಬಳಕೆದಾರನೇ.

ಈ ಪರಿಶೀಲನೆ ತಪ್ಪಿದಲ್ಲಿ ಮೂರು ಬಗೆಯ ಹಾನಿ ಸಂಭವಿಸಬಹುದು. ಯಂತ್ರ ಒಮ್ಮೆಲೇ ಸ್ಥಗಿತಗೊಳ್ಳಬಹುದು. ಕರ್ನಲ್‌ನ ಮೆಮೊರಿಯಲ್ಲಿರುವ ಗುಪ್ತ ಮಾಹಿತಿ ಹೊರಗೆ ಸೋರಬಹುದು. ಎಲ್ಲಕ್ಕಿಂತ ಮಿಗಿಲಾಗಿ, ಯಾವ ವಿಶೇಷ ಅಧಿಕಾರವೂ ಇಲ್ಲದ ಪ್ರೋಗ್ರಾಮ್ ಇಡೀ ಯಂತ್ರದ ಒಡೆತನವನ್ನು ಪಡೆಯಬಹುದು.

ಹಿನ್ನೆಲೆ

ಆಧುನಿಕ ಪ್ರೊಸೆಸರ್‌ಗಳು ಕನಿಷ್ಠ ಎರಡು ಅಧಿಕಾರಸ್ತರಗಳಲ್ಲಿ ಕೆಲಸ ಮಾಡುತ್ತವೆ. ಇಂಟೆಲ್ ಮಾದರಿಯ ಪ್ರೊಸೆಸರ್‌ಗಳಲ್ಲಿ ಕರ್ನಲ್ ‘ರಿಂಗ್ 0’ ಎಂಬ ಸ್ತರದಲ್ಲೂ ಉಳಿದ ಪ್ರೋಗ್ರಾಮ್‌ಗಳು ‘ರಿಂಗ್ 3’ ಎಂಬ ಸ್ತರದಲ್ಲೂ ಓಡುತ್ತವೆ. ರಿಂಗ್ 3ರಲ್ಲಿರುವ ಪ್ರೋಗ್ರಾಮ್ ತನ್ನ ಪಾಲಿನ ಮೆಮೊರಿಯನ್ನಲ್ಲದೆ ಬೇರೆಯವರ ಮೆಮೊರಿಯನ್ನು ಮುಟ್ಟಲಾರದು. ಕರ್ನಲ್‌ಗೆ ಇಂತಹ ತಡೆಯಿಲ್ಲ. ಆದುದರಿಂದ ಕರ್ನಲ್‌ನಲ್ಲಿ ಆಗುವ ತಪ್ಪಿಗೆ ಮೇಲ್ಮನವಿಯೂ ಇಲ್ಲ.

ಡ್ರೈವರ್ ಎಂದರೆ ಒಂದು ಯಂತ್ರಾಂಶವನ್ನು ನಡೆಸುವ ಚಾಲಕ ತಂತ್ರಾಂಶ. ಈಥರ್‌ನೆಟ್ ಕಾರ್ಡ್, ವೈಫೈ ಚಿಪ್ ಮೊದಲಾದವುಗಳ ಡ್ರೈವರ್‌ಗಳು ಲಿನಕ್ಸ್, ವಿಂಡೋಸ್, ಫ್ರೀಬಿಎಸ್‌ಡಿ ಮುಂತಾದ ವ್ಯವಸ್ಥೆಗಳಲ್ಲಿ ಬಹುಮಟ್ಟಿಗೆ ಕರ್ನಲ್‌ನ ಒಳಗೇ ಇರುತ್ತವೆ. ಕರ್ನಲ್‌ನ ಮುಖ್ಯ ಭಾಗವನ್ನು ನೂರಾರು ಪರಿಣತರು ಓದಿ ತಿದ್ದಿರುತ್ತಾರೆ. ಆದರೆ ಯಾವುದೋ ಒಂದು ಚಿಪ್‌ನ ಡ್ರೈವರನ್ನು ಅದನ್ನು ಬರೆದವರ ಹೊರತು ಓದಿದವರು ವಿರಳ. ಅಧಿಕಾರ ಮಾತ್ರ ಎರಡಕ್ಕೂ ಒಂದೇ. ಈ ಲೇಖನದ ವಿಷಯಕ್ಕೆ ಇಷ್ಟೊಂದು ಮಹತ್ವ ಬಂದಿರುವುದು ಈ ವೈಷಮ್ಯದಿಂದಲೇ.

ಸಾಮಾನ್ಯ ಪ್ರೋಗ್ರಾಮ್‌ಗಳು ನೆಟ್‌ವರ್ಕ್ ಡ್ರೈವರನ್ನು ತಲುಪುವ ಬಾಗಿಲುಗಳು ಹಲವು. ಅವುಗಳಲ್ಲಿ ಹಳೆಯದು ‘ಐಒಕಂಟ್ರೋಲ್’ ಎಂಬುದರ ಸಂಕ್ಷಿಪ್ತ ರೂಪವಾದ ಐಆಕ್ಟಲ್ ಎಂಬ ಕರೆ. ಇದು 1979ರಲ್ಲಿ ಬಿಡುಗಡೆಯಾದ ಯೂನಿಕ್ಸ್‌ನ ಏಳನೆಯ ಆವೃತ್ತಿಯಲ್ಲಿ ಕಾಣಿಸಿಕೊಂಡಿತು. ಓದು, ಬರೆ ಎಂಬ ಎರಡು ಕ್ರಿಯೆಗಳಿಗೆ ಹೊಂದದ ಎಲ್ಲ ಕೋರಿಕೆಗಳನ್ನೂ ಹಾಕುವ ಚೀಲದಂತೆ ಅದು ಬೆಳೆಯಿತು. ಒಂದು ಆಜ್ಞಾಸಂಖ್ಯೆ ಮತ್ತು ಒಂದು ಮೆಮೊರಿ ವಿಳಾಸ, ಇಷ್ಟೇ ಅದರ ರೂಪ. ಆ ವಿಳಾಸದಲ್ಲಿ ಏನಿದೆ, ಎಷ್ಟಿದೆ ಎಂಬುದು ಆಜ್ಞೆಯಿಂದ ಆಜ್ಞೆಗೆ ಬದಲಾಗುತ್ತದೆ. ಲಿನಕ್ಸ್‌ನಲ್ಲಿ ನೆಟ್‌ವರ್ಕ್ ಸಾಧನಗಳ ‘ಖಾಸಗಿ’ ಆಜ್ಞೆಗಳಿಗೆಂದು 16 ಸಂಖ್ಯೆಗಳನ್ನು ಮೀಸಲಿಡಲಾಗಿದ್ದು, ಅವುಗಳ ಅರ್ಥವನ್ನು ಆಯಾ ಡ್ರೈವರೇ ನಿರ್ಧರಿಸಿಕೊಳ್ಳುತ್ತದೆ. ನೆಟ್‌ಲಿಂಕ್ ಎಂಬುದು ತರುವಾಯ ಬಂದ, ಹೆಚ್ಚು ಶಿಸ್ತಿನ ಬಾಗಿಲು. ಇದಲ್ಲದೆ ಸಾಕೆಟ್‌ಗಳ ಮೂಲಕ ಮಾಹಿತಿ ಕಳುಹಿಸುವ ಕರೆಗಳೂ ಇವೆ.

ಉದ್ದದ ಪರಿಶೀಲನೆ: ವೈಫೈ ಹೆಸರಿನ ಪ್ರಕರಣ

ಪ್ರತಿಯೊಂದು ವೈಫೈ ಜಾಲಕ್ಕೂ ಒಂದು ಹೆಸರಿರುತ್ತದೆ. ಮೊಬೈಲಿನಲ್ಲಿ ವೈಫೈ ಪಟ್ಟಿಯನ್ನು ತೆರೆದಾಗ ಕಾಣುವ ಈ ಹೆಸರಿಗೆ ಎಸ್‌ಎಸ್‌ಐಡಿ ಎಂದು ಕರೆಯುತ್ತಾರೆ. ಐಇಇಇ 802.11 ಮಾನಕದ ಪ್ರಕಾರ ಇದು 32 ಬೈಟ್‌ಗಳನ್ನು ಮೀರುವಂತಿಲ್ಲ.

ಬೈಟ್ ಎಂದರೆ ಅಕ್ಷರವಲ್ಲ ಎಂಬುದನ್ನು ಕನ್ನಡಿಗರು ಇಲ್ಲಿ ವಿಶೇಷವಾಗಿ ಗಮನಿಸಬೇಕು. ಯುಟಿಎಫ್-8 ಕ್ರಮದಲ್ಲಿ ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್ ಸಾಕು. ಕನ್ನಡದ ಪ್ರತಿಯೊಂದು ಯುನಿಕೋಡ್ ಚಿಹ್ನೆಗೆ ಮೂರು ಬೈಟ್ ಬೇಕು. ಮೂಲಾಕ್ಷರ, ಗುಣಿತದ ಚಿಹ್ನೆ, ಒತ್ತಕ್ಷರವನ್ನು ಕೂಡಿಸುವ ವಿರಾಮಚಿಹ್ನೆ, ಇವೆಲ್ಲ ಬೇರೆ ಬೇರೆಯಾಗಿಯೇ ಎಣಿಕೆಯಾಗುತ್ತವೆ. ಬೆಳಗಾವಿಯ ಟಿಳಕವಾಡಿಯ ಮನೆಯೊಂದರಲ್ಲಿ ವೈಫೈಗೆ ‘ಟಿಳಕವಾಡಿ’ ಎಂದೇ ಹೆಸರಿಟ್ಟರೆ, ಕಣ್ಣಿಗೆ ಕಾಣುವುದು ಐದು ಅಕ್ಷರ, ಯುನಿಕೋಡ್ ಚಿಹ್ನೆಗಳು ಎಂಟು, ಬೈಟ್‌ಗಳು 24. ಹೆಸರು ಮಿತಿಯೊಳಗೆ ಹಿಡಿಯುತ್ತದೆ. ಬೆಳಗಾವಿಯಲ್ಲೇ ಕೇಂದ್ರಸ್ಥಾನವಿರುವ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ ಯಾರ ಹೆಸರಿದೆಯೋ ಆ ‘ವಿಶ್ವೇಶ್ವರಯ್ಯ’ ಎಂಬುದೂ ಐದೇ ಅಕ್ಷರ. ಆದರೆ ಅದರಲ್ಲಿ ಮೂರು ಒತ್ತಕ್ಷರಗಳಿರುವುದರಿಂದ ಚಿಹ್ನೆಗಳು 13, ಬೈಟ್‌ಗಳು 39. ಅದು ಹಿಡಿಯುವುದಿಲ್ಲ. ಅಕ್ಷರಗಳನ್ನು ಎಣಿಸಿ ‘ಐದೇ ತಾನೆ’ ಎಂದು ಒಳಬಿಡುವ ಪ್ರೋಗ್ರಾಮ್ ಇಲ್ಲಿ ಎಡವುತ್ತದೆ. ಉದ್ದವನ್ನು ಯಾವ ಮಾನದಲ್ಲಿ ಅಳೆಯಬೇಕೆಂಬ ಪ್ರಶ್ನೆ ಭಾರತೀಯ ಭಾಷೆಗಳ ಬಳಕೆದಾರರಿಗೆ ಬರಿಯ ಪಠ್ಯಪುಸ್ತಕದ ಪ್ರಶ್ನೆಯಲ್ಲ.

ಈಗ ನೈಜ ಪ್ರಕರಣಕ್ಕೆ ಬರಬಹುದು. ಬ್ರಾಡ್‌ಕಾಮ್ ಸಂಸ್ಥೆಯ ಹಲವು ವೈಫೈ ಚಿಪ್‌ಗಳನ್ನು ಲಿನಕ್ಸ್‌ನಲ್ಲಿ ನಡೆಸುವ ಡ್ರೈವರಿನ ಹೆಸರು ಬಿಆರ್‌ಸಿಎಂಎಫ್‌ಮ್ಯಾಕ್. 2016ರಲ್ಲಿ ಬಂದ ರಾಸ್‌ಬೆರಿ ಪೈ 3 ಎಂಬ ಪುಟ್ಟ ಗಣಕದ ವೈಫೈಯನ್ನು ನಡೆಸುವುದೂ ಇದೇ. ಒಂದು ಸಾಧನವನ್ನು ಹಾಟ್‌ಸ್ಪಾಟ್ ಆಗಿ ಮಾಡುವಾಗ ಅದರ ಹೆಸರನ್ನು ಕರ್ನಲ್‌ಗೆ ಎರಡು ದಾರಿಗಳಲ್ಲಿ ತಿಳಿಸಬಹುದಾಗಿತ್ತು. ಒಂದು, ಹೆಸರಿಗೆಂದೇ ಇರುವ ನೆಟ್‌ಲಿಂಕ್ ಅಂಕಣದಲ್ಲಿ. ಅಲ್ಲಿ ಉದ್ದದ ಪರಿಶೀಲನೆ ಇತ್ತು. ಇನ್ನೊಂದು, ಆ ಅಂಕಣವನ್ನು ಖಾಲಿ ಬಿಟ್ಟು, ರೇಡಿಯೊದಲ್ಲಿ ಪ್ರಸಾರವಾಗುವ ಕಚ್ಚಾ ರೂಪದಲ್ಲೇ ಹೆಸರನ್ನು ಕೊಡುವುದು. ಈ ಕಚ್ಚಾ ರೂಪದಲ್ಲಿ ಮೊದಲು ಒಂದು ಬೈಟಿನ ಗುರುತು, ಬಳಿಕ ಒಂದು ಬೈಟಿನ ಉದ್ದ, ಅನಂತರ ಹೆಸರು ಇರುತ್ತವೆ. ಒಂದು ಬೈಟಿನಲ್ಲಿ 255ರವರೆಗೆ ಬರೆಯಬಹುದು. ಡ್ರೈವರ್ ಆ ಬೈಟಿನಲ್ಲಿದ್ದ ಸಂಖ್ಯೆಯನ್ನು ಹಾಗೆಯೇ ನಂಬಿ, ಅಷ್ಟೂ ಬೈಟ್‌ಗಳನ್ನು ತನ್ನ 32 ಬೈಟಿನ ಜಾಗಕ್ಕೆ ನಕಲಿಸುತ್ತಿತ್ತು. ಮಿಕ್ಕ 223 ಬೈಟ್‌ಗಳವರೆಗಿನ ಮಾಹಿತಿ ಪಕ್ಕದ ಮೆಮೊರಿಯ ಮೇಲೆ ಹರಿಯಬಹುದಾಗಿತ್ತು. ಆ ಪಕ್ಕದ ಜಾಗ ಕರ್ನಲ್‌ನ ಸ್ಟ್ಯಾಕ್. ಮುಂದೆ ಯಾವ ಆಜ್ಞೆಗೆ ಮರಳಬೇಕೆಂಬ ವಿಳಾಸ ಇರುವುದೂ ಅಲ್ಲಿಯೇ. ಈ ದೋಷಕ್ಕೆ ಸಿವಿಇ-2016-8658 ಎಂಬ ಗುರುತುಸಂಖ್ಯೆ ದೊರೆಯಿತು; ಲಿನಕ್ಸ್ 4.7.5ರಲ್ಲಿ ಅದನ್ನು ಸರಿಪಡಿಸಲಾಯಿತು. ಮಾಡಬೇಕಾಗಿದ್ದ ತಿದ್ದುಪಡಿ ಬಹಳ ಚಿಕ್ಕದು: ಉದ್ದ 32ಕ್ಕಿಂತ ಹೆಚ್ಚಿದ್ದರೆ ‘ಅಮಾನ್ಯ ಇನ್‌ಪುಟ್’ ಎಂಬ ದೋಷಸಂಖ್ಯೆಯನ್ನು ಹಿಂದಿರುಗಿಸುವುದು.

ಮರುವರ್ಷ ಇದೇ ಡ್ರೈವರಿನಲ್ಲಿ ಇನ್ನೂ ಬೋಧಪ್ರದವಾದ ದೋಷವೊಂದು ಪತ್ತೆಯಾಯಿತು (ಸಿವಿಇ-2017-7541). ವೈಫೈ ನಿರ್ವಹಣೆಗೆ ಸಂಬಂಧಿಸಿದ ಫ್ರೇಮ್ ಒಂದನ್ನು ಕಳುಹಿಸುವ ಕಾರ್ಯ ಅದು. ಇಲ್ಲಿ ಪರಿಶೀಲನೆ ಇರಲಿಲ್ಲವೆಂದಲ್ಲ. ಮೇಲಿನ ಪದರವು ಉದ್ದ 2304 ಬೈಟ್‌ಗಳನ್ನು ಮೀರದಂತೆ ನೋಡಿಕೊಳ್ಳುತ್ತಿತ್ತು. ಅದರಲ್ಲಿ 24 ಬೈಟಿನ ಶೀರ್ಷಭಾಗವನ್ನು ಕಳೆದರೆ ಉಳಿಯುವುದು 2280. ಆದರೆ ಡ್ರೈವರಿನ ಬಳಿ ಇದ್ದ ಜಾಗ 1800 ಬೈಟ್ ಮಾತ್ರ. ಮೇಲಿನವರು ತಮ್ಮ ಕೊಳಗದಲ್ಲಿ ಅಳೆದು ಸರಿಯೆಂದರು; ಕೆಳಗಿನವರ ಕೊಳಗ ಚಿಕ್ಕದಾಗಿತ್ತು. ‘ಪರಿಶೀಲನೆ ಆಗಿದೆ’ ಎಂಬ ಮಾತಿಗೆ ಬೆಲೆ ಬರುವುದು ಯಾವ ಮಿತಿಗೆ ಎದುರಾಗಿ ಆಗಿದೆ ಎಂಬುದು ತಿಳಿದಾಗ ಮಾತ್ರ.

ಈ ಎರಡು ಕೋರಿಕೆಗಳನ್ನು ಮಾಡಲು ನೆಟ್‌ವರ್ಕ್ ನಿರ್ವಹಣೆಯ ವಿಶೇಷ ಅನುಮತಿ ಬೇಕಾಗುತ್ತದೆ, ಆದುದರಿಂದ ಅಪಾಯ ಅಷ್ಟಿಲ್ಲ ಎಂಬ ವಾದವುಂಟು. ಆ ವಾದ ಎಷ್ಟು ದೂರ ನಿಲ್ಲುತ್ತದೆ ಎಂಬುದನ್ನು ಮುಂದೆ ‘ಅನುಮತಿಯ ಪರಿಶೀಲನೆ’ ವಿಭಾಗದಲ್ಲಿ ನೋಡಬಹುದು.

ವಿಳಾಸದ ಪರಿಶೀಲನೆ

ಬಳಕೆದಾರ ಪ್ರೋಗ್ರಾಮ್ ‘ನನ್ನ ಮಾಹಿತಿ ಇಂತಹ ವಿಳಾಸದಲ್ಲಿದೆ, ಉತ್ತರವನ್ನು ಇಂತಹ ವಿಳಾಸದಲ್ಲಿ ಬರೆಯಿರಿ’ ಎಂದು ಹೇಳುತ್ತದೆ. ಆ ವಿಳಾಸ ನಿಜವಾಗಿಯೂ ಅದರದೇ ಮೆಮೊರಿಗೆ ಸೇರಿದ್ದೇ? ಅದು ಕರ್ನಲ್‌ನ ಸ್ವಂತ ಮೆಮೊರಿಯ ವಿಳಾಸವಾಗಿದ್ದು, ಕರ್ನಲ್ ಕಣ್ಣುಮುಚ್ಚಿ ಅಲ್ಲಿ ಬರೆದರೆ, ಕರ್ನಲ್ ತನ್ನ ಕೈಯಿಂದಲೇ ತನ್ನ ದಾಖಲೆಯನ್ನು ತಿದ್ದಿದಂತಾಗುತ್ತದೆ. ಬಳಕೆದಾರನಿಗೆ ಇಲ್ಲದ ಅಧಿಕಾರವನ್ನು ಆತ ಕರ್ನಲ್‌ನಿಂದ ಮಾಡಿಸಿಕೊಂಡಂತಾಗುತ್ತದೆ.

ಇದಕ್ಕಾಗಿಯೇ ಲಿನಕ್ಸ್‌ನಲ್ಲಿ ಡ್ರೈವರ್‌ಗಳು ಬಳಕೆದಾರನ ವಿಳಾಸವನ್ನು ನೇರವಾಗಿ ಮುಟ್ಟದೆ, ‘ಕಾಪಿ ಫ್ರಮ್ ಯೂಸರ್’ ಮತ್ತು ‘ಕಾಪಿ ಟು ಯೂಸರ್’ ಎಂಬ ಎರಡು ಕಾರ್ಯಗಳ ಮೂಲಕವೇ ವ್ಯವಹರಿಸಬೇಕೆಂಬ ನಿಯಮವಿದೆ. ಅವು ವಿಳಾಸ ಬಳಕೆದಾರನ ವ್ಯಾಪ್ತಿಯಲ್ಲಿದೆಯೇ ಎಂದು ‘ಆ್ಯಕ್ಸೆಸ್ ಓಕೆ’ ಎಂಬ ಪರೀಕ್ಷೆಯಿಂದ ನೋಡಿದ ಮೇಲೆಯೇ ನಕಲು ಮಾಡುತ್ತವೆ. ಫ್ರೀಬಿಎಸ್‌ಡಿಯಲ್ಲಿ ಇದೇ ಕೆಲಸಕ್ಕೆ ‘ಕಾಪಿಇನ್’, ‘ಕಾಪಿಔಟ್’ ಎಂಬ ಹೆಸರುಗಳಿವೆ. ಲಿನಕ್ಸ್‌ನ ಈ ಕಾರ್ಯಗಳು ಹಿಂದಿರುಗಿಸುವುದು ನಕಲಾಗದೆ ಉಳಿದ ಬೈಟ್‌ಗಳ ಸಂಖ್ಯೆಯನ್ನು. ಪೂರ್ತಿ ಯಶಸ್ವಿಯಾದರೆ ಸೊನ್ನೆ. ಸೊನ್ನೆಯೇ ಪೂರ್ಣಾಂಕವಾಗುವ ಈ ಪರೀಕ್ಷೆಯ ಫಲಿತಾಂಶವನ್ನು ತಪ್ಪಾಗಿ ಓದಿದ ಡ್ರೈವರ್‌ಗಳು ಒಂದೆರಡಲ್ಲ.

ವೇಗದ ದೃಷ್ಟಿಯಿಂದ ಇದೇ ಕಾರ್ಯಗಳ ಪರೀಕ್ಷೆಯಿಲ್ಲದ ರೂಪಗಳೂ ಇವೆ; ಹೆಸರಿನ ಮೊದಲಿಗೆ ಎರಡು ಅಡಿಗೆರೆಗಳಿರುವುದೇ ಅವುಗಳ ಗುರುತು. ಕರೆಯುವವರು ಮುಂಚೆಯೇ ಪರೀಕ್ಷಿಸಿರುತ್ತಾರೆ ಎಂಬ ಭರವಸೆಯ ಮೇಲೆ ಅವು ನಡೆಯುತ್ತವೆ. 2010ರ ಅಕ್ಟೋಬರಿನಲ್ಲಿ ಡ್ಯಾನ್ ರೋಸೆನ್‌ಬರ್ಗ್ ಬಹಿರಂಗಪಡಿಸಿದ ದೋಷದಲ್ಲಿ (ಸಿವಿಇ-2010-3904) ಈ ಭರವಸೆ ಹುಸಿಯಾಗಿತ್ತು. ಆರ್‌ಡಿಎಸ್ ಎಂಬ ನೆಟ್‌ವರ್ಕ್ ಪ್ರೋಟೋಕಾಲ್‌ನ ಲಿನಕ್ಸ್ ಅಳವಡಿಕೆಯಲ್ಲಿ ಬಳಕೆದಾರ ಕೊಟ್ಟ ವಿಳಾಸವನ್ನು ಯಾರೂ ಪರೀಕ್ಷಿಸುತ್ತಿರಲಿಲ್ಲ. ಸಾಮಾನ್ಯ ಬಳಕೆದಾರನೊಬ್ಬ ಆರ್‌ಡಿಎಸ್ ಸಾಕೆಟ್ ತೆರೆದು, ‘ಬಂದ ಸಂದೇಶವನ್ನು ಇಲ್ಲಿ ಬರೆಯಿರಿ’ ಎಂದು ಕರ್ನಲ್‌ನ ವಿಳಾಸವನ್ನೇ ಕೊಟ್ಟರೆ ಸಾಕು, ಕರ್ನಲ್‌ನೊಳಗೆ ಬೇಕಾದುದನ್ನು ಬರೆಯಿಸಬಹುದಾಗಿತ್ತು. ಲಿನಕ್ಸ್ 2.6.30ರಿಂದ ಈ ದೋಷ ಅಲ್ಲಿತ್ತು.

ಇದು ಅನನುಭವಿಗಳ ತಪ್ಪೆಂದು ಭಾವಿಸಬಾರದು. ಡ್ರೈವರಿನಲ್ಲಲ್ಲ, ಕರ್ನಲ್‌ನ ಮುಖ್ಯಭಾಗದಲ್ಲೇ ಇರುವ ‘ವೇಟ್‌ಐಡಿ’ ಎಂಬ ಕರೆಯಿಂದ 2017ರಲ್ಲಿ, 4.13ನೆಯ ಆವೃತ್ತಿಯ ವೇಳೆಗೆ, ಇದೇ ವಿಳಾಸಪರೀಕ್ಷೆ ಅಕಸ್ಮಾತ್ತಾಗಿ ಬಿಟ್ಟುಹೋಗಿತ್ತು (ಸಿವಿಇ-2017-5123).

ಲೆಕ್ಕದ ಪರಿಶೀಲನೆ: ಒಂದೇ ಕಾರ್ಯ, ಮೂರು ದೋಷ

ಈಥ್‌ಟೂಲ್ ಎಂಬುದು ಲಿನಕ್ಸ್‌ನಲ್ಲಿ ನೆಟ್‌ವರ್ಕ್ ಕಾರ್ಡ್‌ನ ಸ್ಥಿತಿಯನ್ನು ನೋಡುವ, ಬದಲಿಸುವ ಸಲಕರಣೆ. ಅದರ ಕೋರಿಕೆಗಳನ್ನು ಕರ್ನಲ್‌ನ ಒಂದು ಸಾಮಾನ್ಯ ಪದರ ಸ್ವೀಕರಿಸಿ ಆಯಾ ಡ್ರೈವರಿಗೆ ದಾಟಿಸುತ್ತದೆ. ಕಾರ್ಡಿಗೆ ಬರುವ ಪ್ಯಾಕೆಟ್‌ಗಳನ್ನು ವಿಂಗಡಿಸುವ ನಿಯಮಗಳ ಪಟ್ಟಿಯನ್ನು ಕೇಳಿ ಪಡೆಯುವ ಕಾರ್ಯವೊಂದು ಈ ಪದರದಲ್ಲಿದೆ. ಇದರ ಚರಿತ್ರೆ ಇಡೀ ವಿಷಯಕ್ಕೆ ಕನ್ನಡಿ ಹಿಡಿದಂತಿದೆ.

ಬಳಕೆದಾರ ‘ನನಗೆ ಇಷ್ಟು ನಿಯಮಗಳನ್ನು ಕೊಡಿ’ ಎಂದು ಒಂದು ಎಣಿಕೆಯನ್ನು ಕೊಡುತ್ತಾನೆ. ಪ್ರತಿ ನಿಯಮಕ್ಕೆ 4 ಬೈಟ್. ಎಣಿಕೆಯನ್ನು ನಾಲ್ಕರಿಂದ ಗುಣಿಸಿ ಅಷ್ಟು ಮೆಮೊರಿಯನ್ನು ಕರ್ನಲ್ ಪಡೆದುಕೊಳ್ಳುತ್ತಿತ್ತು. 32 ಬಿಟ್‌ನ ಯಂತ್ರದಲ್ಲಿ ಗುಣಲಬ್ಧ 4,29,49,67,296ನ್ನು ಮುಟ್ಟಿದೊಡನೆ ಮತ್ತೆ ಸೊನ್ನೆಯಿಂದ ಎಣಿಕೆ ಶುರುವಾಗುತ್ತದೆ. ಹಳೆಯ ಕಾರಿನ ಮೈಲಿಮಾಪಕ 99,999 ದಾಟಿ ಸೊನ್ನೆಗೆ ಬಂದಂತೆ. ಬಳಕೆದಾರ 1,07,37,41,825 ಎಂಬ ಎಣಿಕೆಯನ್ನು ಕೊಟ್ಟನೆನ್ನಿ. ನಾಲ್ಕರಿಂದ ಗುಣಿಸಿದರೆ 4,29,49,67,300. ಆದರೆ ಯಂತ್ರದ ಪಾಲಿಗೆ ಅದು ಬರಿಯ 4. ನೂರು ಕೋಟಿಗೂ ಮಿಕ್ಕಿದ ನಿಯಮಗಳಿಗೆ ನಾಲ್ಕೇ ಬೈಟಿನ ಜಾಗ! ಡ್ರೈವರಿಗೆ ಮಾತ್ರ ದೊಡ್ಡ ಎಣಿಕೆಯೇ ತಲುಪುತ್ತದೆ, ಅದು ತನ್ನಲ್ಲಿರುವ ನಿಯಮಗಳನ್ನೆಲ್ಲ ಆ ಕಿರಿದಾದ ಜಾಗದಲ್ಲಿ ಸುರಿಯುತ್ತದೆ. ಇದು ಸಿವಿಇ-2010-2478. ಪರಿಹಾರವಾಗಿ ಗುಣಾಕಾರದ ಬದಲು ಭಾಗಾಕಾರವನ್ನು ತಂದರು: ಕೊಡಬಹುದಾದ ಗರಿಷ್ಠ ಮೆಮೊರಿಯನ್ನು ನಾಲ್ಕರಿಂದ ಭಾಗಿಸಿ, ಬಂದ ಎಣಿಕೆ ಅದಕ್ಕಿಂತ ಹೆಚ್ಚಿದೆಯೇ ಎಂದು ಮೊದಲು ನೋಡುವುದು. ಭಾಗಾಕಾರ ಉಕ್ಕಿ ಹರಿಯುವುದಿಲ್ಲ.

ಅದೇ ವರ್ಷ ಅದೇ ಕಾರ್ಯದಲ್ಲಿ ಎರಡನೆಯ ದೋಷ ಕಂಡುಬಂತು (ಸಿವಿಇ-2010-3861). ಬಳಕೆದಾರ ದೊಡ್ಡ ಎಣಿಕೆಯನ್ನು ಕೇಳಿ, ಡ್ರೈವರಿನಲ್ಲಿ ಕೆಲವೇ ನಿಯಮಗಳಿದ್ದರೆ, ಪಡೆದ ಮೆಮೊರಿಯ ಬಹುಭಾಗ ತುಂಬದೆ ಉಳಿಯುತ್ತಿತ್ತು. ಆ ಭಾಗದಲ್ಲಿ ಹಿಂದೆ ಯಾರೋ ಬಳಸಿ ಬಿಟ್ಟ ಮಾಹಿತಿ ಇರುತ್ತಿತ್ತು; ಅದೂ ಸೇರಿ ಬಳಕೆದಾರನಿಗೆ ನಕಲಾಗುತ್ತಿತ್ತು. ಒರೆಸದ ಹಲಗೆಯ ಮೇಲೆ ಹೊಸ ಪಾಠ ಬರೆದಂತೆ. ಮೆಮೊರಿಯನ್ನು ಪಡೆಯುವಾಗಲೇ ಸೊನ್ನೆಗಳಿಂದ ತುಂಬಿಸಿಕೊಳ್ಳುವುದು ಇದಕ್ಕೆ ಪರಿಹಾರ. ಇನ್‌ಪುಟ್‌ನ ಪರಿಶೀಲನೆ ಒಳಬರುವುದಕ್ಕೆ ಮಾತ್ರ ಸಂಬಂಧಿಸಿದ್ದಲ್ಲ, ಬಳಕೆದಾರ ಕೇಳಿದ ಅಳತೆಯಲ್ಲಿ ಏನು ಹೊರಹೋಗುತ್ತದೆ ಎಂಬುದಕ್ಕೂ ಸಂಬಂಧಿಸಿದ್ದು.

ಎಂಟು ವರ್ಷಗಳ ನಂತರ, 2018ರಲ್ಲಿ, ಮೂರನೆಯದು. ಇದಕ್ಕೆ ‘ಎರಡು ಬಾರಿ ತರುವ’ ದೋಷವೆಂದು ಹೆಸರು. ಈ ಕಾರ್ಯವು ಬಳಕೆದಾರನ ಮೆಮೊರಿಯಿಂದ ಮಾಹಿತಿಯನ್ನು ಒಮ್ಮೆ ನಕಲಿಸಿ, ಅದರಲ್ಲಿ ಒಂದು ಗುರುತು ಇದೆಯೇ ಎಂದು ನೋಡಿ, ಇದ್ದರೆ ಹೆಚ್ಚು ಉದ್ದದ ರೂಪವನ್ನು ಮತ್ತೊಮ್ಮೆ ನಕಲಿಸುತ್ತಿತ್ತು. ಎರಡು ನಕಲುಗಳ ನಡುವಿನ ಕ್ಷಣದಲ್ಲಿ ಅದೇ ಪ್ರೋಗ್ರಾಮಿನ ಇನ್ನೊಂದು ಎಳೆ ಆ ಮಾಹಿತಿಯನ್ನು ಬದಲಿಸಬಲ್ಲದು. ಪರೀಕ್ಷೆಯಾದದ್ದು ಒಂದು ಮಾಹಿತಿಗೆ, ಬಳಕೆಯಾದದ್ದು ಇನ್ನೊಂದು. ಗುಮಾಸ್ತರು ಮೊತ್ತವನ್ನು ನೋಡಿ ರುಜು ಹಾಕಿದ ಚೀಟಿಯನ್ನು ನಗದು ಕಿಟಕಿಗೆ ಒಯ್ಯುವ ದಾರಿಯಲ್ಲಿ ತಿದ್ದಿದರೆ ಆಗುವುದೂ ಇದೇ. ಎರಡನೆಯ ನಕಲಿನ ನಂತರ ಗುರುತನ್ನು ಪುನಃ ಪರೀಕ್ಷಿಸುವ ಸಾಲನ್ನು ಸೇರಿಸಿ ಇದನ್ನು ಸರಿಪಡಿಸಲಾಯಿತು. ಒಂದೇ ಬಾರಿ ನಕಲಿಸಿ, ಆ ನಕಲನ್ನೇ ಪರೀಕ್ಷಿಸಿ, ಆ ನಕಲನ್ನೇ ಬಳಸುವುದು ಸಾಧ್ಯವಿದ್ದಲ್ಲಿ ಅದೇ ಉತ್ತಮ ಮಾರ್ಗ.

ಋಣಸಂಖ್ಯೆಗಳ ತೊಡಕೂ ಲೆಕ್ಕದ ತಪ್ಪುಗಳ ಗುಂಪಿಗೇ ಸೇರಿದ್ದು. ಉದ್ದವನ್ನು ಚಿಹ್ನೆಸಹಿತ ಪೂರ್ಣಾಂಕವಾಗಿ ಸ್ವೀಕರಿಸಿ ‘100ಕ್ಕಿಂತ ಹೆಚ್ಚಿದ್ದರೆ ನಿರಾಕರಿಸು’ ಎಂದು ಮಾತ್ರ ಬರೆದರೆ, −1 ಎಂಬುದು ಸಲೀಸಾಗಿ ಒಳನುಗ್ಗುತ್ತದೆ. ಮುಂದೆ ನಕಲು ಮಾಡುವ ಕಾರ್ಯ ಅದನ್ನು ಚಿಹ್ನೆರಹಿತವಾಗಿ ಓದಿದಾಗ, 32 ಬಿಟ್‌ನಲ್ಲಿ ಅದು 4,29,49,67,295 ಆಗುತ್ತದೆ.

ಅನುಮತಿಯ ಪರಿಶೀಲನೆ

ಏನು ಕೇಳಿದರು ಎಂಬುದರ ಜೊತೆಗೆ ಯಾರು ಕೇಳಿದರು ಎಂಬುದನ್ನೂ ನೋಡಬೇಕು. ನೆಟ್‌ವರ್ಕ್ ವ್ಯವಸ್ಥೆಯನ್ನು ಬದಲಿಸುವ ಕೋರಿಕೆಗಳಿಗೆ ಲಿನಕ್ಸ್‌ನಲ್ಲಿ ‘ಕ್ಯಾಪ್ ನೆಟ್ ಅಡ್ಮಿನ್’ ಎಂಬ ಅನುಮತಿ ಇರಬೇಕು.

ಇದಕ್ಕೆ ಪ್ರಸಿದ್ಧ ಉದಾಹರಣೆ ಇಕೋನೆಟ್. ಬ್ರಿಟನ್ನಿನ ಏಕಾರ್ನ್ ಸಂಸ್ಥೆ ಶಾಲೆಗಳ ಗಣಕಗಳನ್ನು ಅಗ್ಗದಲ್ಲಿ ಜೋಡಿಸಲೆಂದು ರೂಪಿಸಿದ ಜಾಲವಿದು. 2010ರ ಹೊತ್ತಿಗೆ ಅದನ್ನು ಬಳಸುವವರು ಇರಲಿಲ್ಲವೆಂದೇ ಹೇಳಬೇಕು. ಆದರೂ ಅದರ ಕೋಡ್ ಲಿನಕ್ಸ್‌ನಲ್ಲಿ ಉಳಿದಿತ್ತು. ನೆಲ್ಸನ್ ಎಲ್ಹೇಜ್ ಅದರಲ್ಲಿ ಸಾಲಾಗಿ ದೋಷಗಳನ್ನು ಗುರುತಿಸಿದರು. ಇಕೋನೆಟ್ ವಿಳಾಸವನ್ನು ನಿಗದಿಪಡಿಸುವ ಐಆಕ್ಟಲ್ ಕೋರಿಕೆಯಲ್ಲಿ ಅನುಮತಿಯ ಪರೀಕ್ಷೆಯೇ ಇರಲಿಲ್ಲ (ಸಿವಿಇ-2010-3850). ಸಂದೇಶ ಕಳುಹಿಸುವಾಗ ಬಳಕೆದಾರ ಗಮ್ಯಸ್ಥಾನದ ವಿಳಾಸವನ್ನು ಖಾಲಿ ಬಿಟ್ಟರೆ ಅದನ್ನು ನೋಡುತ್ತಿರಲಿಲ್ಲ. ಕರ್ನಲ್ ಶೂನ್ಯ ವಿಳಾಸವನ್ನು ಓದಲು ಹೋಗಿ ಎಡವುತ್ತಿತ್ತು (ಸಿವಿಇ-2010-3849). ಬಿಡಿಬಿಡಿಯಾಗಿ ಇವು ಯಂತ್ರವನ್ನು ಕೆಡಿಸುವ ಸಣ್ಣ ದೋಷಗಳಂತೆ ಕಾಣುತ್ತವೆ. ಆದರೆ ಕರ್ನಲ್ ಹೀಗೆ ಎಡವಿ ಪ್ರೋಗ್ರಾಮನ್ನು ಮುಗಿಸುವಾಗ, ವಿಳಾಸಪರೀಕ್ಷೆಯನ್ನು ತಾತ್ಕಾಲಿಕವಾಗಿ ಸಡಿಲಿಸುವ ‘ಸೆಟ್ ಎಫ್‌ಎಸ್’ ಎಂಬ ಏರ್ಪಾಡು ಸಡಿಲವಾಗಿಯೇ ಉಳಿಯುತ್ತಿತ್ತು (ಸಿವಿಇ-2010-4258). ಆಗ ಬಳಕೆದಾರ ಮೊದಲೇ ಸೂಚಿಸಿದ ವಿಳಾಸದಲ್ಲಿ ಕರ್ನಲ್ ಸೊನ್ನೆಯನ್ನು ಬರೆಯುತ್ತಿತ್ತು, ಆ ವಿಳಾಸ ಕರ್ನಲ್‌ನದೇ ಆಗಿದ್ದರೂ ಸಹ. ಮೂರನ್ನೂ ಪೋಣಿಸಿದರೆ ಸಾಮಾನ್ಯ ಬಳಕೆದಾರ ಯಂತ್ರದ ಒಡೆಯನಾಗಬಹುದೆಂದು 2010ರ ಡಿಸೆಂಬರಿನಲ್ಲಿ ಡ್ಯಾನ್ ರೋಸೆನ್‌ಬರ್ಗ್ ತೋರಿಸಿಕೊಟ್ಟರು. 2012ರಲ್ಲಿ ಇಕೋನೆಟ್‌ನ ಕೋಡನ್ನೇ ಲಿನಕ್ಸ್‌ನಿಂದ ಕಿತ್ತುಹಾಕಲಾಯಿತು. ಸೆಟ್ ಎಫ್‌ಎಸ್ ಮಾತ್ರ ಇನ್ನೂ ಹತ್ತು ವರ್ಷ ಬಾಳಿ, 2022ರ 5.18ನೆಯ ಆವೃತ್ತಿಯಲ್ಲಿ ಪೂರ್ಣವಾಗಿ ಮರೆಯಾಯಿತು.

ಇನ್ನು, ‘ಈ ಕೋರಿಕೆಯನ್ನು ನಿರ್ವಾಹಕರು ಮಾತ್ರ ಮಾಡಬಲ್ಲರು, ಆದುದರಿಂದ ಉದ್ದವನ್ನು ನೋಡದಿದ್ದರೂ ನಡೆದೀತು’ ಎಂಬ ವಾದ. 2013ರಲ್ಲಿ ಬಂದ ಲಿನಕ್ಸ್ 3.8ರಿಂದ ಸಾಮಾನ್ಯ ಬಳಕೆದಾರನೂ ‘ಯೂಸರ್ ನೇಮ್‌ಸ್ಪೇಸ್’ ಎಂಬ ತನ್ನದೇ ಆವರಣವನ್ನು ಸೃಷ್ಟಿಸಿಕೊಂಡು, ಅದರೊಳಗೆ ನೆಟ್‌ವರ್ಕ್ ನಿರ್ವಾಹಕನಾಗಬಹುದು. ಆ ಆವರಣದೊಳಗಿನಿಂದ ತಲುಪಬಹುದಾದ ಕೋಡಿಗೆಲ್ಲ ಈ ವಾದ ಅಂದೇ ಬಿದ್ದುಹೋಯಿತು. ಉಳಿದೆಡೆಯೂ ಅದು ಪೂರ್ತಿ ನಿಲ್ಲುವುದಿಲ್ಲ. ವೈಫೈಯನ್ನು ನಡೆಸಲೆಂದು ಈ ಒಂದು ಅನುಮತಿಯನ್ನಷ್ಟೇ ಪಡೆದ ಸೇವಾಪ್ರೋಗ್ರಾಮ್‌ಗಳಿರುತ್ತವೆ; ಅವುಗಳಲ್ಲೊಂದು ವಂಚಕರ ಕೈವಶವಾದರೆ ಹಾನಿ ವೈಫೈಗೆ ಸೀಮಿತವಾಗಬೇಕೇ ಹೊರತು ಇಡೀ ಕರ್ನಲ್‌ಗೆ ಹಬ್ಬಬಾರದು.

ವಿಂಡೋಸ್‌ನಲ್ಲಿ

ವಿಂಡೋಸ್‌ನಲ್ಲಿ ಡ್ರೈವರಿಗೆ ಕೋರಿಕೆ ತಲುಪುವ ವಿಧಾನಗಳು ಹಲವಿದ್ದು, ಯಾವುದೆಂಬುದು ಆಜ್ಞಾಸಂಖ್ಯೆಯಲ್ಲೇ ಅಡಕವಾಗಿರುತ್ತದೆ. ‘ಬಫರ್ಡ್’ ವಿಧಾನದಲ್ಲಿ ಮಾಹಿತಿಯನ್ನು ವ್ಯವಸ್ಥೆಯೇ ಕರ್ನಲ್‌ನ ಮೆಮೊರಿಗೆ ನಕಲಿಸಿ ಕೊಡುತ್ತದೆ. ‘ನೀದರ್’ ವಿಧಾನದಲ್ಲಿ ಬಳಕೆದಾರನ ವಿಳಾಸ ಹಾಗೆಯೇ ಡ್ರೈವರಿನ ಕೈಗೆ ಬರುತ್ತದೆ. ಆಗ ‘ಪ್ರೋಬ್ ಫಾರ್ ರೀಡ್’, ‘ಪ್ರೋಬ್ ಫಾರ್ ರೈಟ್’ ಎಂಬ ಕಾರ್ಯಗಳಿಂದ ಅದನ್ನು ಪರೀಕ್ಷಿಸುವ ಹೊಣೆ ಡ್ರೈವರಿನದೇ. ಸಾಕೆಟ್‌ಗಳಿಗೆ ಆಧಾರವಾದ ಎಎಫ್‌ಡಿ ಎಂಬ ಡ್ರೈವರ್ ಬಳಕೆದಾರ ಕೊಟ್ಟ ಇನ್‌ಪುಟ್‌ನ್ನು ಸರಿಯಾಗಿ ಪರೀಕ್ಷಿಸದೆ ಇದ್ದುದರಿಂದ, ವಿಂಡೋಸ್ ಎಕ್ಸ್‌ಪಿ ಮತ್ತು ಸರ್ವರ್ 2003ರಲ್ಲಿ ಸಾಮಾನ್ಯ ಬಳಕೆದಾರ ಉನ್ನತ ಅಧಿಕಾರ ಪಡೆಯುವಂತಾಗಿತ್ತು. ಮೈಕ್ರೋಸಾಫ್ಟ್ 2011ರ ಅಕ್ಟೋಬರಿನಲ್ಲಿ ಎಂಎಸ್11-080 ಎಂಬ ಪ್ರಕಟಣೆಯೊಂದಿಗೆ ಅದನ್ನು ಸರಿಪಡಿಸಿತು.

ರಕ್ಷಣೆಯ ಸಾಧನಗಳು

ಡ್ರೈವರ್ ಬರೆಯುವವರ ಎಚ್ಚರವೊಂದನ್ನೇ ನೆಚ್ಚಿಕೊಳ್ಳಲಾಗದು ಎಂಬುದು ಮೇಲಿನ ಪ್ರಕರಣಗಳಿಂದ ಸ್ಪಷ್ಟ. ಆದುದರಿಂದ ಹಂತಹಂತವಾಗಿ ಹಲವು ಸಾಧನಗಳು ಬಂದಿವೆ.

ಲಿನಸ್ ಟೊರ್ವಾಲ್ಡ್ಸ್ 2003ರಲ್ಲಿ ‘ಸ್ಪಾರ್ಸ್’ ಎಂಬ ಕೋಡ್ ಪರೀಕ್ಷಕವನ್ನು ಬರೆದರು. ಬಳಕೆದಾರನಿಂದ ಬಂದ ವಿಳಾಸಗಳಿಗೆ ಕೋಡಿನಲ್ಲಿ ‘ಯೂಸರ್’ ಎಂಬ ಮುದ್ರೆಯೊತ್ತಿದ್ದರೆ, ಅಂತಹ ವಿಳಾಸವನ್ನು ನೇರವಾಗಿ ಬಳಸಿದೆಡೆಯಲ್ಲಿ ಅದು ಎಚ್ಚರಿಸುತ್ತದೆ. ಡ್ಯಾನ್ ಕಾರ್ಪೆಂಟರ್ ಅವರ ‘ಸ್ಮ್ಯಾಚ್’ ಇನ್ನೂ ಮುಂದೆ ಹೋಗಿ, ಬಳಕೆದಾರನಿಂದ ಬಂದ ಸಂಖ್ಯೆ ಯಾವ ಯಾವ ಕಾರ್ಯಗಳಲ್ಲಿ ಹಾದುಹೋಗುತ್ತದೆ, ಅದಕ್ಕೆ ಎಲ್ಲಿಯಾದರೂ ಮಿತಿ ಬಿದ್ದಿದೆಯೇ ಎಂದು ಹಿಂಬಾಲಿಸುತ್ತದೆ. ಗೂಗಲ್‌ನ ‘ಸಿಜ್‌ಕಾಲರ್’ ಇನ್ನೊಂದು ಬಗೆಯದು: ಕೋಡನ್ನು ಓದುವುದಿಲ್ಲ, ಎಡೆಬಿಡದೆ ಅಸಂಬದ್ಧ ಕೋರಿಕೆಗಳನ್ನು ಕರ್ನಲ್‌ಗೆ ಕಳುಹಿಸಿ ಅದು ಎಲ್ಲಿ ಕುಸಿಯುತ್ತದೆಂದು ನೋಡುತ್ತದೆ.

ಪ್ರೊಸೆಸರ್ ತಯಾರಕರೂ ಕೈಜೋಡಿಸಿದ್ದಾರೆ. ಇಂಟೆಲ್‌ನ ‘ಸ್ಮ್ಯಾಪ್’, ಆರ್ಮ್‌ನ ‘ಪ್ಯಾನ್’ ಎಂಬ ಏರ್ಪಾಡುಗಳು, ಕರ್ನಲ್ ಅಧಿಕೃತ ನಕಲು ಕಾರ್ಯಗಳ ಹೊರಗೆ ಬಳಕೆದಾರನ ಮೆಮೊರಿಯನ್ನು ಮುಟ್ಟಿದೊಡನೆ ತಡೆಯುತ್ತವೆ. ಲಿನಕ್ಸ್ 4.8ರಲ್ಲಿ (2016) ಬಂದ ‘ಹಾರ್ಡನ್ಡ್ ಯೂಸರ್‌ಕಾಪಿ’, ನಕಲಿನ ಉದ್ದ ಕರ್ನಲ್‌ನ ಆ ಮೆಮೊರಿ ತುಂಡಿನ ಗಾತ್ರವನ್ನು ಮೀರಿದರೆ ನಕಲನ್ನೇ ನಿಲ್ಲಿಸುತ್ತದೆ. ಆದರೆ ಇದು ಕಾಯುವುದು ಬಳಕೆದಾರ ಮತ್ತು ಕರ್ನಲ್‌ನ ನಡುವಿನ ಗಡಿಯನ್ನು ಮಾತ್ರ. ವೈಫೈ ಹೆಸರಿನ ಪ್ರಕರಣದಲ್ಲಿ ಮಾಹಿತಿ ಆಗಲೇ ಕರ್ನಲ್‌ನ ಒಳಗೆ ಬಂದಿತ್ತು. ತಪ್ಪಾದ ನಕಲು ಒಳಗಿನಿಂದ ಒಳಕ್ಕೆ ನಡೆದದ್ದು. ಅಂತಹ ತಪ್ಪು ಇದರ ಕಣ್ಣಿಗೆ ಬೀಳುವುದಿಲ್ಲ.

2018ರ ಜನವರಿಯಲ್ಲಿ ಬಹಿರಂಗವಾದ ‘ಸ್ಪೆಕ್ಟರ್’ ದೋಷ ಸರಿಯಾಗಿ ಬರೆದ ಪರಿಶೀಲನೆಯನ್ನೂ ಪ್ರಶ್ನಿಸಿತು. ವೇಗಕ್ಕಾಗಿ ಪ್ರೊಸೆಸರ್ ಪರೀಕ್ಷೆಯ ಫಲಿತಾಂಶವನ್ನು ಕಾಯದೆ ಮುಂದಿನ ಸಾಲುಗಳನ್ನು ಊಹೆಯ ಮೇಲೆ ನಡೆಸುತ್ತದೆ. ಊಹೆ ತಪ್ಪಾದರೆ ಫಲಿತಾಂಶವನ್ನು ಕೈಬಿಟ್ಟರೂ ಕ್ಯಾಷ್ ಮೆಮೊರಿಯಲ್ಲಿ ಹೆಜ್ಜೆಗುರುತು ಉಳಿಯುತ್ತದೆ. ಬಳಕೆದಾರ ಕೊಟ್ಟ ಸಂಖ್ಯೆಯಿಂದ ಪಟ್ಟಿಯೊಂದನ್ನು ಓದುವ ಕಡೆಗಳಲ್ಲಿ, ಊಹೆಯಲ್ಲೂ ಮಿತಿ ಮೀರದಂತೆ ಸಂಖ್ಯೆಯನ್ನು ಕತ್ತರಿಸುವ ‘ಅರೇ ಇಂಡೆಕ್ಸ್ ನೋಸ್ಪೆಕ್’ ಎಂಬ ಸಾಧನವನ್ನು ಆಗ ಲಿನಕ್ಸ್‌ಗೆ ಸೇರಿಸಲಾಯಿತು.

ಹೆಚ್ಚು ಫಲಕಾರಿಯಾದ ಬದಲಾವಣೆ ಬಹುಶಃ ಬಾಗಿಲಿನ ರಚನೆಯಲ್ಲೇ ಆಗಿರುವಂಥದ್ದು. ನೆಟ್‌ಲಿಂಕ್‌ನಲ್ಲಿ ಪ್ರತಿ ಅಂಕಣಕ್ಕೂ ಅದರ ಬಗೆ, ಉದ್ದ, ಮಿತಿಗಳನ್ನು ಒಂದು ಪಟ್ಟಿಯಲ್ಲಿ ಘೋಷಿಸಿಬಿಟ್ಟರೆ, ಕೋರಿಕೆ ಡ್ರೈವರನ್ನು ತಲುಪುವ ಮೊದಲೇ ಅದನ್ನು ಪಟ್ಟಿಯೊಂದಿಗೆ ತಾಳೆನೋಡಲಾಗುತ್ತದೆ. 2019ರ ಲಿನಕ್ಸ್ 5.2ರಲ್ಲಿ ಈ ತಾಳೆಯನ್ನು ಇನ್ನಷ್ಟು ಬಿಗಿಗೊಳಿಸಿದರು. ಈಥ್‌ಟೂಲ್ ಕೂಡ 2020ರ 5.6ರಿಂದ ಐಆಕ್ಟಲ್‌ನ ಜೊತೆಗೆ ನೆಟ್‌ಲಿಂಕ್ ಬಾಗಿಲನ್ನೂ ಪಡೆಯಿತು. ಆದರೆ ವೈಫೈ ಹೆಸರಿನ ಪ್ರಕರಣ ನಡೆದದ್ದೂ ನೆಟ್‌ಲಿಂಕ್‌ನ ಮೂಲಕವೇ. ಅಂಕಣದೊಳಗೆ ಕಚ್ಚಾ ಬೈಟ್‌ಗಳನ್ನು ತುಂಬಿ ಕಳುಹಿಸಲು ಬಿಟ್ಟರೆ, ಆ ಬೈಟ್‌ಗಳ ಒಳಗಿರುವ ಉದ್ದವನ್ನು ಪಟ್ಟಿ ನೋಡಲಾರದು.

ಸಿ ಭಾಷೆಯ ಬದಲು ರಸ್ಟ್ ಭಾಷೆಯಲ್ಲಿ ಡ್ರೈವರ್ ಬರೆಯುವ ಪ್ರಯತ್ನವೂ ಸಾಗಿದೆ. ಅಲ್ಲಿ ಪ್ರತಿ ಬಫರಿನೊಂದಿಗೆ ಅದರ ಉದ್ದವೂ ಕೂಡಿಯೇ ಇರುತ್ತದೆ. ಮಿತಿ ಮೀರಿದ ನಕಲು ಪಕ್ಕದ ಮೆಮೊರಿಗೆ ಹರಿಯದೆ ಅಲ್ಲಿಯೇ ನಿಲ್ಲುತ್ತದೆ. 2022ರ ಡಿಸೆಂಬರಿನ ಲಿನಕ್ಸ್ 6.1 ರಸ್ಟ್‌ಗೆ ಮೊದಲ ಬಾರಿ ಎಡೆಮಾಡಿಕೊಟ್ಟಿತು, 2024ರ 6.8ರಲ್ಲಿ ಏಸಿಕ್ಸ್ ಸಂಸ್ಥೆಯ ಈಥರ್‌ನೆಟ್ ಚಿಪ್‌ಗಳ ಭೌತಪದರದ ಡ್ರೈವರ್ ರಸ್ಟ್‌ನಲ್ಲಿ ಸೇರ್ಪಡೆಯಾಯಿತು. ಅದೇ ಚಿಪ್‌ಗಳಿಗೆ ಸಿ ಭಾಷೆಯಲ್ಲಿ ಬರೆದ ಹಳೆಯ ಡ್ರೈವರನ್ನೂ ಕರ್ನಲ್‌ನಲ್ಲಿ ಉಳಿಸಿಕೊಳ್ಳಲಾಗಿದ್ದು, ಎರಡನ್ನೂ ಅಕ್ಕಪಕ್ಕ ತೆರೆದಿಟ್ಟು ಹೋಲಿಸಿ ಓದಬಹುದು.